ಚೆಂಡು ನಿಲ್ಲಿಸುವವನ ಮುಖ

“ಮಾಸ್ತರ, ತಂಡಾನ ಜೀವಕ್ಕಿಂತ ಹೆಚ್ಚು ಹಚ್ಚಿಕೊಂಡಾವ ಅದರ ತಪ್ಪು ಹೇಳಬಾರದೇನ್ರಿ?” ಎಂದು ಬಸವಂತ ಕೇಳಿದ.

ಫಕ್ಕೀರಪ್ಪ ಮಾಸ್ತರರು ಹಳೆಯ ಹಾಕಿ ಸ್ಟಿಕ್ಕಿನ ಹಿಡಿಗೆ ಹೊಸ ಪಟ್ಟಿ ಸುತ್ತುತ್ತ ಕುಳಿತಿದ್ದರು. ಊರಿನ ಮೂರು ತಲೆಮಾರಿಗೆ ಹಾಕಿ ಕಲಿಸಿದವರು ಅವರು. ಮೈದಾನಕ್ಕೆ ಇಳಿಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಊರ ಕ್ಲಬ್ಬಿನ ಕಮಿಟಿ ಅವರ ಮಾತನ್ನು ತೆಗೆದುಹಾಕುತ್ತಿರಲಿಲ್ಲ. ಬಸವಂತ ಅವರ ಶಿಷ್ಯ. ಆಟಗಾರನಾಗಿ ಅಷ್ಟಕ್ಕಷ್ಟೆ, ನೋಡುಗನಾಗಿ ಅವನನ್ನು ಮೀರಿಸುವವರಿರಲಿಲ್ಲ. ಮಳೆಗಾಲವಾದ್ದರಿಂದ ಆಟ ನಿಂತಿತ್ತು. ಬಸವಂತನ ಬಾಯಿ ಮಾತ್ರ ನಿಂತಿರಲಿಲ್ಲ.

ಕಮಿಟಿ ಮುಂದಿನ ವರ್ಷದ ತಂಡವನ್ನು ಆರಿಸುತ್ತಿತ್ತು. ಇಬ್ಬರನ್ನು ಬಿಟ್ಟು ಒಬ್ಬನನ್ನು ಹೊಸದಾಗಿ ತಂದಿತ್ತು. ಗೋಲ್‌ಕೀಪರ್ ದ್ಯಾಮಣ್ಣನನ್ನು ಉಳಿಸಿಕೊಂಡಿತ್ತು. ಬಸವಂತನಿಗೆ ಸಿಟ್ಟು ಬಂದದ್ದು ಅಲ್ಲಿ. ದ್ಯಾಮಣ್ಣನನ್ನು ಮನೆಗೆ ಕಳಿಸಬೇಕೆಂದು ಎರಡು ಪುಟದ ಅರ್ಜಿ ಬರೆದುಕೊಂಡು ಅವನು ಮಾಸ್ತರರ ಸಹಿಗೆ ಬಂದಿದ್ದ. ಆ ಸಹಿ ಬಿದ್ದರೆ ದ್ಯಾಮಣ್ಣನ ಆಟ ಮುಗಿದಂತೆ ಎಂಬುದು ಇಬ್ಬರಿಗೂ ಗೊತ್ತಿತ್ತು.

“ಎಡಗಡೆ ಬಂದ ಚೆಂಡು ದ್ಯಾಮಣ್ಣಗ ಸಿಗಂಗಿಲ್ರಿ. ಹೋದ ವರ್ಷ ಹನ್ನೊಂದು ಗೋಲ್ ಅದ ಕಡೆ ಹೋಗ್ಯಾವ. ಎಲ್ಲಾ ಬರಕೊಂಡೀನಿ,” ಎಂದ ಬಸವಂತ. ಸ್ವಲ್ಪ ತಡೆದು, “ಸಣ್ಣಾವಿದ್ದಾಗ ನನ್ನ ಕೈಯಾಗ ಸ್ಟಿಕ್ ಕೊಟ್ಟು ನಿಮ್ಮ ಹಂತ್ಯಾಕ ಕರಕೊಂಡು ಬಂದಾವ ಅಂವನ ಖರೆ. ಅದು ಬ್ಯಾರೆ ಮಾತು,” ಎಂದ.

ಮಾಸ್ತರರು ಅರ್ಜಿಯ ಎರಡೂ ಪುಟ ಓದಿದರು. ಗಾಳಿಗೆ ಹಾರದಂತೆ ಅದರ ಮೇಲೆ ಸ್ಟಿಕ್ ಇಟ್ಟರು.

“ಕೂಡ್ರು. ಒಂದು ಕತಿ ಹೇಳತೀನಿ,” ಎಂದರು. ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಕ್ಷೌರಿಕನಿದ್ದ. ಅವನಿಗೆ ಹಾಕಿಯ ಹುಚ್ಚು. ಊರಿನ ಹತ್ತಿ ಗಿರಣಿಗೊಂದು ತಂಡವಿತ್ತು. ಆ ತಂಡ ಗೆದ್ದ ಮರುದಿನ ಅವನು ಗಿರಾಕಿಗಳ ಕೆನ್ನೆಗೆ ಎರಡೆರಡು ಸಲ ಪೌಡರ್ ಹಚ್ಚುತ್ತಿದ್ದ. ಸೋತ ಮರುದಿನ ಅವನ ಮುಂದೆ ಕುತ್ತಿಗೆ ಚಾಚಲು ಜನ ಹಿಂದೆಮುಂದೆ ನೋಡುತ್ತಿದ್ದರು.

ಮಳೆಗಾಲ ಬಂದರೆ ಅವನಿಗೆ ಕೈತುಂಬ ಕೆಲಸ. ಮುಂದಿನ ವರ್ಷ ತಂಡದಲ್ಲಿ ಯಾರಿರಬೇಕು, ಯಾರು ಹೋಗಬೇಕು ಎಂದು ಯೋಚಿಸಿ, ಹನ್ನೊಂದು ಹೆಸರು ಬರೆದು ಅಂಗಡಿಯ ಕನ್ನಡಿಗೆ ಅಂಟಿಸುತ್ತಿದ್ದ. ಕುರ್ಚಿಯಲ್ಲಿ ಕುಳಿತವರಿಗೆಲ್ಲ ಅದನ್ನು ವಿವರಿಸುತ್ತಿದ್ದ. ಯಾರೂ ಅಲ್ಲಗಳೆಯುತ್ತಿರಲಿಲ್ಲ. ಗಂಟಲ ಮೇಲೆ ಕತ್ತಿ ಇರುವಾಗ ಯಾರು ತಾನೇ ವಾದಕ್ಕೆ ನಿಲ್ಲುತ್ತಾರೆ? ಪಾಪ, ಅವನು ಇದನ್ನು ಯೋಚಿಸಲಿಲ್ಲ. ಇಡೀ ಊರೇ ತನ್ನ ಮಾತನ್ನು ಒಪ್ಪಿದೆ ಎಂದುಕೊಂಡ.

ಅವನ ಪಟ್ಟಿಯಲ್ಲಿ ಪ್ರತಿ ವರ್ಷ ಹತ್ತು ಹೆಸರು ಬದಲಾದರೂ ಒಂದು ವಿಷಯ ಬದಲಾಗುತ್ತಿರಲಿಲ್ಲ. ತಂಡದಲ್ಲಿ ಚೆಂಡು ನಿಲ್ಲಿಸುವವನೊಬ್ಬನಿದ್ದ. ಅವನ ಹೆಸರು ಪಟ್ಟಿಯಲ್ಲಿ ಎಂದೂ ಇರುತ್ತಿರಲಿಲ್ಲ.

ಪೆನಾಲ್ಟಿ ಕಾರ್ನರ್ ಸಿಕ್ಕಾಗ ಒಬ್ಬ ಗೋಲಿನ ಗೆರೆಯಿಂದ ಚೆಂಡನ್ನು ಜೋರಾಗಿ ತಳ್ಳುತ್ತಾನೆ. ಎರಡನೆಯವನು ಗೋಲಿನ ಮುಂದಿನ ವೃತ್ತದ ಅಂಚಿನಲ್ಲಿ ನೆಲಕ್ಕೆ ಬಗ್ಗಿ ಅದನ್ನು ನಿಲ್ಲಿಸುತ್ತಾನೆ. ಮೂರನೆಯವನು ಬೀಸಿ ಹೊಡೆಯುತ್ತಾನೆ. ಗೋಲ್ ಆದರೆ ಜನ ಮೂರನೆಯವನನ್ನು ಹೆಗಲ ಮೇಲೆ ಹೊರುತ್ತಾರೆ. ಎರಡನೆಯವನು ಎದ್ದು ಮಂಡಿಯ ಮಣ್ಣು ಕೊಡವಿಕೊಳ್ಳುತ್ತಾನೆ. ಈ ತಂಡದ ಎರಡನೆಯವನು ಹದಿನಾಲ್ಕು ವರ್ಷ ಹಾಗೆ ಮಣ್ಣು ಕೊಡವಿಕೊಂಡಿದ್ದ.

“ಹದಿನಾಲ್ಕು ವರ್ಷದಾಗ ಅಂವ ಒಂದರೆ ಗೋಲ್ ಹೊಡದಾನೇನ್ರಿ? ಮಣಕಾಲೂ ಮುಗದಾವ. ಬಗ್ಗೂದಕ್ಕ ಒಬ್ಬ ಮನಶ್ಯಾ ಬೇಕೇನು?” ಎಂದು ಕ್ಷೌರಿಕ ಕೇಳುತ್ತಿದ್ದ. ತಂಡದ ಮ್ಯಾನೇಜರ ಭಾನುವಾರಕ್ಕೊಮ್ಮೆ ಅದೇ ಅಂಗಡಿಗೆ ಬರುತ್ತಿದ್ದ. ಅವನ ಕಿವಿಗೂ ವರ್ಷಗಟ್ಟಲೆ ಇದೇ ಬಿತ್ತು. ಮ್ಯಾನೇಜರನೂ ಮನುಷ್ಯ. ಒಂದು ಮಳೆಗಾಲ ಅವನು ಸೋತ. ಚೆಂಡು ನಿಲ್ಲಿಸುವವನನ್ನು ಬಿಟ್ಟು, ಪಕ್ಕದ ಊರಿನಿಂದ ಒಬ್ಬ ಚುರುಕಿನ ಹೊಸಬನನ್ನು ಕರೆತಂದ.

ಆ ತಂಡದಲ್ಲಿ ಒಂದು ಪದ್ಧತಿಯಿತ್ತು. ತಂಡ ಬಿಡುವವನು ತನ್ನ ಅಂಗಿಯನ್ನು ತಾನೇ ಒಗೆದು, ಮಡಚಿ, ಹೊಸಬನ ಕೈಗೆ ಕೊಡಬೇಕು. ಕೊಡುವಾಗ ತಾನು ಆ ಜಾಗದಲ್ಲಿ ನಿಂತು ಕಲಿತ ಒಂದು ಮಾತನ್ನು ಅವನ ಕಿವಿಯಲ್ಲಿ ಹೇಳಬೇಕು. ಯಾರು ಶುರುಮಾಡಿದ್ದೋ ಗೊತ್ತಿಲ್ಲ, ಎಲ್ಲರೂ ನಡೆಸಿಕೊಂಡು ಬಂದಿದ್ದರು.

ಆ ವರ್ಷ ಕ್ಷೌರಿಕನ ಸಡಗರಕ್ಕೆ ಮಿತಿಯಿರಲಿಲ್ಲ. ಹೊಸಬನನ್ನು ಸ್ಟೇಷನ್ನಿನಿಂದ ಬ್ಯಾಂಡು ಬಾರಿಸಿಕೊಂಡು ಕರೆತಂದ. ಗಿರಣಿಯ ಬಾಗಿಲಲ್ಲಿ ಹಾರ ಹಾಕಿದ, ಬಂದವರಿಗೆಲ್ಲ ಪೇಡೆ ಹಂಚಿದ. ಆ ಗದ್ದಲದಲ್ಲಿ ಯಾರೋ ಅಂಗಿಯನ್ನು ಮ್ಯಾನೇಜರನ ಕೈಗೆ ಕೊಟ್ಟರು, ಮ್ಯಾನೇಜರ ಮೆಟ್ಟಿಲ ಮೇಲೆ ನಿಂತು ಅದನ್ನು ಹೊಸಬನಿಗೆ ತೊಡಿಸಿದ. ಅಂಗಿ ಒಗೆದು ತಂದಿದ್ದವನು ಗುಂಪಿನ ಹಿಂದೆ ಸ್ವಲ್ಪ ಹೊತ್ತು ನಿಂತಿದ್ದು ಮನೆಗೆ ಹೋದ. ಒಂದು ಮಾತು ಹೇಳುವುದು ಬಾಕಿ ಉಳಿಯಿತು.

ದಸರೆ ಮುಗಿದು ಆಟ ಶುರುವಾಯಿತು. ಹೊಸಬ ಕೆಟ್ಟ ಆಟಗಾರನೇನಲ್ಲ. ನಾಲ್ವರನ್ನು ತಪ್ಪಿಸಿ ಚೆಂಡು ಒಯ್ಯುವವನು. ಆದರೆ ಕಾರ್ನರ್ ಸಿಕ್ಕಾಗ ಚೆಂಡು ಅವನ ಸ್ಟಿಕ್ಕಿನ ಮೇಲೆ ಹಾರಿ ಹೋಗುತ್ತಿತ್ತು, ಇಲ್ಲವೇ ಮಣಿಕಟ್ಟಿಗೆ ಬಡಿಯುತ್ತಿತ್ತು. ಹೊಡೆಯುವವನು ಗಾಳಿಗೆ ಬೀಸುತ್ತಿದ್ದ. ನಾಲ್ಕು ಆಟದಲ್ಲಿ ಹತ್ತೊಂಬತ್ತು ಕಾರ್ನರ್ ಸಿಕ್ಕವು. ಒಂದೂ ಗೋಲ್ ಆಗಲಿಲ್ಲ. ನಾಲ್ಕೂ ಆಟ ಸೋತರು.

ಕ್ಷೌರಿಕನಿಗೆ ಅನ್ನ ಸೇರದಾಯಿತು. ಅವನು ಮೊದಲು ಮೈದಾನವನ್ನು ಬೈದ, ಆಮೇಲೆ ಅಂಪೈರನನ್ನು ಬೈದ, ಕೊನೆಗೆ ಮ್ಯಾನೇಜರನನ್ನು ಬೈಯತೊಡಗಿದ. “ಹದಿನಾಲ್ಕು ವರ್ಷ ಆಡಿದಾವನ್ನ ಯಾವ ಬುದ್ಧಿ ಇದ್ದಾವ ಬಿಡತಾನ್ರಿ?” ಎಂದು ಕೇಳಿದ. ಕುರ್ಚಿಯಲ್ಲಿದ್ದ ಗಿರಾಕಿಗೆ ನಗು ಬಂತು. ಕತ್ತಿ ನೆನಪಾಗಿ ನುಂಗಿಕೊಂಡ.

ಐದನೆಯ ಆಟಕ್ಕೆ ಆರು ದಿನವಿತ್ತು. ಅದನ್ನೂ ಸೋತರೆ ಆ ವರ್ಷ ತಂಡ ಪಂದ್ಯಾವಳಿಯಿಂದ ಹೊರಗೆ. ಅಂಥ ಒಂದು ಬೆಳಿಗ್ಗೆ ಚೆಂಡು ನಿಲ್ಲಿಸುತ್ತಿದ್ದವನು ಅಂಗಡಿಯೊಳಗೆ ಬಂದ. ಹದಿನಾಲ್ಕು ವರ್ಷದಲ್ಲಿ ಅವನು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ನಮಸ್ಕಾರ ಮಾಡಿ ಕುರ್ಚಿಯಲ್ಲಿ ಕುಳಿತು, “ದಾಡಿ ಮಾಡ್ರಿ,” ಎಂದ. ಬೆಂಚಿನ ಮೇಲಿದ್ದವರೆಲ್ಲ ಪೇಪರ್ ಮಡಚಿಟ್ಟರು.

ಕ್ಷೌರಿಕ ನೊರೆ ಹಚ್ಚಿದ. ಸಾವಿರಾರು ಮುಖ ಕಂಡ ಕೈ ಅವನದು. ಯಾವ ಗಲ್ಲದ ಮೇಲೆ ಕತ್ತಿ ಹೇಗೆ ಹೋಗಬೇಕೆಂದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತಿತ್ತು. ಈ ಮುಖದ ಮೇಲೆ ಬೆರಳು ಮುಂದೆ ಹೋಗಲಿಲ್ಲ. ಗದ್ದದ ಕೆಳಗೆ ಹೊಲಿಗೆಯ ಗುರುತಿತ್ತು. ತುಟಿಯ ಮೇಲೆ ಇನ್ನೊಂದು. ಎಡಗೆನ್ನೆಯ ಎಲುಬು ಒಳಗೆ ಕುಸಿದಿತ್ತು. ಕತ್ತಿ ದಾರಿ ಕೇಳಿಕೊಂಡು ಹೋಗಬೇಕಾಯಿತು.

“ಇದು ಯಾವಾಗ ಆತ್ರಿ?” ಎಂದು ಕ್ಷೌರಿಕ ಗದ್ದ ಮುಟ್ಟಿ ಕೇಳಿದ.

“ಅದೇನ್ರಿ? ರೈಲ್ವೆದವರ ಮ್ಯಾಲಿನ ಫೈನಲ್. ನಮ್ಮಾಂವಂದ ಸ್ಟಿಕ್ ಬಡೀತು. ಗೋಲ್ ಆತು.”

“ಈ ತುಟಿದು?”

“ಪೊಲೀಸ್ ತಂಡದ ಮ್ಯಾಲೆ. ಚೆಂಡು ಪುಟದು ಬಡೀತು. ಅದೂ ಗೋಲ್ ಆತು.”

“ಗಲ್ಲದ್ದು?”

“ಆಗ ಗೋಲ್ ಆಗಲಿಲ್ರಿ. ಮುಂದಿನ ಕಾರ್ನರ್‌ಗೆ ಆತು.”

ಕ್ಷೌರಿಕನಿಗೆ ಆ ಮೂರೂ ಗೋಲುಗಳು ನಿನ್ನೆ ಕಂಡಂತೆ ನೆನಪಿದ್ದವು. ರೈಲ್ವೆಯವರ ಮೇಲೆ ಗೆದ್ದ ದಿನ ಟೊಪ್ಪಿಗೆ ಮೇಲೆಸೆದು ಕಳೆದುಕೊಂಡಿದ್ದ. ಪೊಲೀಸ್ ತಂಡದ ಮೇಲೆ ಗೆದ್ದಾಗ ಪರಿಚಯವಿಲ್ಲದವನನ್ನು ಅಪ್ಪಿಕೊಂಡು ಅತ್ತಿದ್ದ. ಬದುಕಿನಲ್ಲಿ ಅಷ್ಟು ಸುಖಪಟ್ಟ ದಿನಗಳು ಅವನಿಗೆ ಬೇರೆ ಇರಲಿಲ್ಲ. ತಾನು ಕುಣಿಯುತ್ತಿದ್ದಾಗ ಈ ಮನುಷ್ಯ ನೆಲದ ಮೇಲೆ ಬಾಯಿ ಒರೆಸಿಕೊಳ್ಳುತ್ತಿದ್ದ ಎಂಬುದು ಮಾತ್ರ ಇವತ್ತು ತಿಳಿಯಿತು. ಅವನಿಗೆ ನಾಚಿಕೆಯಾಯಿತು. ಬೈಯಲಿಕ್ಕೆ ಬಂದಿದ್ದಾನೆ, ಬೈಯಲಿ ಎಂದು ಕಾದ.

“ನಿಮ್ಮ ಉಪಕಾರ ನೆನಸಬೇಕಾಗಿತ್ತು,” ಎಂದ ಚೆಂಡು ನಿಲ್ಲಿಸುತ್ತಿದ್ದವನು. “ಹದಿನಾಲ್ಕು ವರ್ಷದಾಗ ಊರಾಗ ನನ್ನ ಹೆಸರು ತಗೊಂಡಾವ ನೀವೊಬ್ಬರ. ಉಳದವರಿಗೆ ನಾ ಆಡಾಕತ್ತಿದ್ದೂ ಗೊತ್ತಿಲ್ಲ. ನನ್ನ ಹೇಣ್ತಿ ಸೈತ ಹೇಳತಿದ್ಲು, ಅಂವ ಬೈದರೂ ನಿಮ್ಮನ್ನ ನೋಡ್ಯಾನ ಅಂತ.”

ಕ್ಷೌರಿಕ ಕತ್ತಿ ಕೆಳಗಿಟ್ಟ.

“ಈಗ ಒಂದು ಕೆಲಸ ಆಗಬೇಕು,” ಎಂದು ಹಳಬ ಮುಂದುವರಿಸಿದ. “ಆ ಹೊಸಬ ಚೆಂಡು ನೋಡತಾನ. ಚೆಂಡು ನೋಡಿದರ ತಡ ಆಕ್ಕೈತ್ರಿ. ತಳ್ಳಾವನ ಮಣಿಕಟ್ಟು ನೋಡಬೇಕು. ಅಂಗಿ ಕೊಡೂ ಮುಂದ ಹೇಳಬೇಕಂತ ಹೋಗಿದ್ದೆ, ಬ್ಯಾಂಡಿನ್ಯಾಗ ಆಗಲಿಲ್ಲ. ಮ್ಯಾನೇಜರ ನಿಮ್ಮ ಮಾತು ಕೇಳತಾರ. ದಿನಾ ಮುಂಜಾನೆ ಒಂದು ತಾಸು ನನ್ನನ್ನ ಮೈದಾನಕ್ಕ ಬಿಡಸ್ರಿ. ತಂಡದಾಗ ತಗೋರಿ ಅನ್ನೂದಿಲ್ಲ. ಮಣಕಾಲು ಮುಗದಾವ, ಅದನ್ನ ನೀವು ಖರೇನ ಹೇಳಿದ್ರಿ.”

ಕ್ಷೌರಿಕ ದಾಡಿ ಮುಗಿಸಿದ. ಮುಖ ಒರೆಸಿದ. ಪೌಡರ್ ಹಚ್ಚುವಾಗ ಅವನ ಕಣ್ಣಲ್ಲಿ ನೀರಿತ್ತು. ಕಾದು ಕುಳಿತ ಗಿರಾಕಿಗಳನ್ನು ಹೊರಗೆ ಕಳಿಸಿ, ಅಂಗಡಿಗೆ ಬೀಗ ಹಾಕಿ, ಅವನನ್ನು ಕರೆದುಕೊಂಡು ಮ್ಯಾನೇಜರನ ಬಳಿಗೆ ನಡೆದ. ಅಲ್ಲಿ ಎಲ್ಲರೆದುರು, “ಇವರು ಹೋಗೂ ದಿನ ಇವರನ್ನ ಹಿಂದ ನಿಲ್ಲಿಸಿದಾವ ನಾನು. ತಪ್ಪು ನಂದು,” ಎಂದ. ಅವನಂಥ ಬಾಯಿಗೆ ಆ ಮಾತು ಎಷ್ಟು ಭಾರವಾಗಿತ್ತೋ ಅವನಿಗೇ ಗೊತ್ತು.

ಐದು ಮುಂಜಾನೆ ಹಳಬ ಹೊಸಬನಿಗೆ ಬಗ್ಗುವುದನ್ನು ಕಲಿಸಿದ. ಆರನೆಯ ದಿನ ಆಟ. ಮುಗಿಯಲು ಎರಡು ನಿಮಿಷವಿದ್ದಾಗ ಒಂದು ಕಾರ್ನರ್ ಸಿಕ್ಕಿತು. ಚೆಂಡು ಬಂತು, ನಿಂತಿತು. ಹೊಡೆಯುವವನು ಹೊಡೆದ. ಜನ ಎದ್ದುನಿಂತು ಹೊಡೆದವನ ಹೆಸರು ಕೂಗಿದರು. ಕ್ಷೌರಿಕ ಮಾತ್ರ ಚೆಂಡು ನಿಲ್ಲಿಸಿದ ಹೊಸಬನ ಹೆಸರು ಕೂಗಿದ. ಆಮೇಲೆ ಬೇಲಿಯ ಹತ್ತಿರ ನಿಂತಿದ್ದ ಹಳಬನ ಹೆಸರು ಕೂಗಿದ. ಇವನಿಗೇನೋ ಗೊಂದಲವಾಗಿದೆ ಎಂದು ಅಕ್ಕಪಕ್ಕದವರು ನಕ್ಕರು. ಹಳಬ ಈ ಕಡೆ ತಿರುಗಿ ಕೈ ಎತ್ತಿದ.

ಕ್ಷೌರಿಕ ಅಭಿಪ್ರಾಯ ಹೇಳುವುದನ್ನು ಬಿಟ್ಟನೆಂದು ತಿಳಿಯಬೇಡ. ಮುಂದಿನ ಮಳೆಗಾಲದಲ್ಲೂ ಕನ್ನಡಿಗೆ ಪಟ್ಟಿ ಹತ್ತಿತು. ಆದರೆ ಒಬ್ಬನನ್ನು ತೆಗೆಯಬೇಕು ಎಂದು ಹೇಳುವಾಗ, ಕುರ್ಚಿಯಲ್ಲಿ ಯಾರೇ ಇರಲಿ, ಅವನ ಬೆರಳು ಅವರ ಗದ್ದದ ಮೇಲೆ ಒಂದು ಕ್ಷಣ ನಿಲ್ಲುತ್ತಿತ್ತು.

ಮಾಸ್ತರರು ಕತೆ ಮುಗಿಸಿ ಸ್ಟಿಕ್ ಎತ್ತಿಕೊಂಡು ಉಳಿದ ಪಟ್ಟಿಯನ್ನು ಸುತ್ತತೊಡಗಿದರು. ಬಸವಂತ ಅರ್ಜಿಯನ್ನು ನೋಡಿದ. ಅದರ ಮೊದಲ ಸಾಲೇ ಹನ್ನೊಂದು ಗೋಲುಗಳಿಂದ ಶುರುವಾಗಿತ್ತು.

“ಹಂಗಾದರ ಇದನ್ನ ಹರದು ಹಾಕಲೇನ್ರಿ?” ಎಂದು ಕೇಳಿದ.

“ಯಾಕ ಹರೀತಿ? ಎಡಗಡೆ ಚೆಂಡು ಅಂವಗ ಸಿಗೂದಿಲ್ಲ, ನೀ ಬರದದ್ದು ಖರೆ ಐತಿ,” ಎಂದು ಮಾಸ್ತರರು ಜೇಬಿನಿಂದ ಪೆನ್ನು ತೆಗೆದು ಅವನ ಕೈಗೆ ಕೊಟ್ಟರು. “ಆಗ ಅಂವ ನಿನಗ ಸ್ಟಿಕ್ ಕೊಟ್ಟದ್ದು ಬ್ಯಾರೆ ಮಾತು ಅಂದೆಲ್ಲ, ಅದನ್ನ ಮೊದಲನೇ ಸಾಲಿನ್ಯಾಗ ಬರದು ತಾ, ಸಹಿ ಹಾಕತೀನಿ.”

ಬಸವಂತ ಪೆನ್ನು ಹಿಡಿದುಕೊಂಡು ಹನ್ನೊಂದು ಗೋಲುಗಳ ಸಾಲಿನ ಮೇಲೆ ಬರೆಯಲು ಜಾಗ ಹುಡುಕಿದ.