ಮೆತ್ತಗಾದ ಬ್ರೇಕು

ಗುಡ್ಡದ ಮೇಲಿನ ಆಶ್ರಮಕ್ಕೆ ಇದ್ದದ್ದು ಒಂದೇ ಜೀಪು. ಅದನ್ನು ಓಡಿಸುವವನೂ ರಿಪೇರಿ ಮಾಡುವವನೂ ಶಿಷ್ಯ ಮರುಳಸಿದ್ಧ.

ಆಸ್ಪತ್ರೆ ಗುಡ್ಡದ ಕೆಳಗಿತ್ತು. ದಾರಿಯೆಲ್ಲ ಇಳಿಜಾರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ.

ಹಿಂದಿನ ಗಾಲಿಯ ಬ್ರೇಕು ಸವೆದಿತ್ತು. ಮರುಳಸಿದ್ಧ ಪೇಟೆಯಿಂದ ಹೊಸ ಸಾಮಾನು ತಂದು ಕೂಡಿಸಿದ. ಆಮೇಲೆ ಸೀಟಿನಲ್ಲಿ ಕೂತು ಪೆಡಲು ಒತ್ತಿದ.

ಹಸಿ ಮಣ್ಣು ತುಳಿದ ಹಾಗೆ ಕಾಲು ಮೆತ್ತಗೆ ಒಳಗೆ ಹೋಯಿತು.

ಬಿಟ್ಟು ಬಿಟ್ಟು ಮತ್ತೆ ಒತ್ತಿದ. ಒತ್ತುತ್ತ ಹೋದಂತೆ ಪೆಡಲು ಗಟ್ಟಿಯಾಯಿತು. 'ಸರಿಹೋಯಿತು' ಎಂದುಕೊಂಡ. ಸ್ವಲ್ಪ ಹೊತ್ತು ಬಿಟ್ಟು ಒತ್ತಿ ನೋಡಿದರೆ ಮತ್ತೆ ಮೆತ್ತಗೆ.

ಅಷ್ಟರಲ್ಲಿ ಆಶ್ರಮದ ಪಕ್ಕದ ಹಟ್ಟಿಯ ಸಾವಂತ್ರವ್ವ ಬಂದಳು. ತುಂಬು ಬಸುರಿ ಸೊಸೆ ಚಂಪಾಳನ್ನು ಮರುದಿನ ಆಸ್ಪತ್ರೆಗೆ ಸೇರಿಸಬೇಕಿತ್ತು.

"ಗಾಡಿ ರೆಡಿ ಆತೇನಪ್ಪಾ?"

"ಆತು ಯವ್ವಾ," ಎಂದುಬಿಟ್ಟ.

ಬೆಳಿಗ್ಗೆ ಅತ್ತೆ ಸೊಸೆ ಗಂಟು ಹಿಡಿದು ಅಂಗಳದಲ್ಲಿ ನಿಂತಿದ್ದರು. ಮರುಳಸಿದ್ಧ ಗುರುಗಳ ಬಳಿ ಹೋದ. ಎಲ್ಲರೂ ಅವರನ್ನು ಅಜ್ಜಯ್ಯ ಎನ್ನುತ್ತಿದ್ದರು.

"ಅಜ್ಜಯ್ಯಾ, ಜೀಪಿಗೆ ವಿಭೂತಿ ಹಚ್ಚಿಕೊಡ್ರಿ."

"ಯಾಕೆ?"

"ಧೈರ್ಯಕ್ಕೆ."

ಅಜ್ಜಯ್ಯ ವಿಭೂತಿಯ ಬಟ್ಟಲು ಹಿಡಿದು ಎದ್ದರು. "ಹಚ್ಚತೀನಿ. ಮುಗಿಯೋ ತನಕ ನೀನು ಬ್ರೇಕು ಒತ್ತಿ ಹಿಡಿ. ಕಾಲು ಎತ್ತಬ್ಯಾಡ."

ಮರುಳಸಿದ್ಧ ಒತ್ತಿ ಹಿಡಿದ. ಅಜ್ಜಯ್ಯ ಮುಂದಿನ ಗಾಲಿಯ ಹತ್ತಿರ ಕೂತು, ಬೆರಳು ಅದ್ದಿ, ನಿಧಾನವಾಗಿ ಗೆರೆ ಎಳೆಯತೊಡಗಿದರು.

ಪೆಡಲು ಇಳಿಯುತ್ತಿತ್ತು. ಅವನು ಜೋರು ಮಾಡಿರಲಿಲ್ಲ, ಅದಾಗಿಯೇ ಇಳಿಯುತ್ತಿತ್ತು.

"ಮುಗೀತಾ ಅಜ್ಜಯ್ಯಾ?"

"ಇನ್ನೂ ಹಿಂದಿನ ಗಾಲಿ ಅದಾವು."

ಅವನ ಕಣ್ಣ ಮುಂದೆ ಕಣಿವೆಯ ತಿರುವು ಬಂತು. ಚಂಪಾ ಕಿರುಚಿದ ಹಾಗಾಯಿತು. ನೋಡಿದರೆ ಅವಳು ಸುಮ್ಮನೆ ನಿಂತು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದಳು.

"ಅಜ್ಜಯ್ಯಾ, ಕಾಲು ತಳಕ್ಕೆ ಹತ್ತಿತು."

ಅಜ್ಜಯ್ಯ ವಿಭೂತಿಯ ಕೈಯನ್ನು ಒರೆಸಿಕೊಂಡರು. "ಆ ಹುಡುಗಿಗೆ ಏನು ಹೇಳತಿ?"

ಮರುಳಸಿದ್ಧ ಜೀಪಿನಿಂದ ಇಳಿದ. ಅತ್ತೆ ಸೊಸೆಯ ಹತ್ತಿರ ನಡೆದ.

"ಯವ್ವಾ, ಬ್ರೇಕು ಸರಿ ಇಲ್ಲ. ನಿನ್ನೆನೇ ಗೊತ್ತಿತ್ತು. ಸುಳ್ಳು ಹೇಳಿದೆ."

"ಎರಡು ಜೀವದಾಕಿ ಅಲ್ಲೋ ಅವಳು!" ಸಾವಂತ್ರವ್ವ ಕೂಗಿದಳು. "ನಿನಗೆ ಕರುಳು ಇಲ್ಲೇನೋ?"

ಚಂಪಾ ಕೂಗಲಿಲ್ಲ. ಕಟ್ಟೆಯ ಮೇಲೆ ಕೂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಈಗಲೇ ಹೆರಿಗೆ ಬ್ಯಾನಿ ಹತ್ತಿದರೆ ಏನು ಮಾಡೋದು ಅಣ್ಣಾ?"

ಅಜ್ಜಯ್ಯ ಎತ್ತಿನ ಗಾಡಿ ಕಟ್ಟಿಸಿ ನಿಲ್ಲಿಸಲು ಹೇಳಿಕಳಿಸಿದರು.

ಮರುಳಸಿದ್ಧ ಗಾಲಿ ಬಿಚ್ಚಿದ. ಹೊಸ ಸಾಮಾನಿಗೆ ಪೈಪು ಸೇರುವ ಕಡೆ ಬ್ರೇಕ್ ಆಯಿಲ್ ಜಿನುಗುತ್ತಿತ್ತು. ಅವಸರದಲ್ಲಿ ನಟ್ಟು ಓರೆಯಾಗಿ ಕೂತಿತ್ತು. ಅದನ್ನು ಬಿಚ್ಚಿ, ನೆಟ್ಟಗೆ ಕೂಡಿಸಿ, ಬಿಗಿ ಮಾಡಿದ. ಪೈಪಿನೊಳಗೆ ಸೇರಿ ಬ್ರೇಕನ್ನು ಮೆತ್ತಗೆ ಮಾಡಿದ್ದ ಗಾಳಿಯನ್ನು ಇನ್ನು ಹೊರಗೆ ತೆಗೆಯಬೇಕಿತ್ತು. ಅದು ಒಬ್ಬನಿಂದ ಆಗುವ ಕೆಲಸವಲ್ಲ.

ಅಜ್ಜಯ್ಯ ತಾವೇ ಹತ್ತಿ ಪೆಡಲಿನ ಮೇಲೆ ಕಾಲಿಟ್ಟರು.

"ಒತ್ರಿ ಅಜ್ಜಯ್ಯಾ. ಹಾಗೇ ಹಿಡೀರಿ."

ಅವನು ಗಾಲಿಯ ಹಿಂದೆ ಮಲಗಿ ಗಾಳಿ ಬಿಡುವ ಸ್ಕ್ರೂ ಸಡಿಲಿಸಿದ. ಅದಕ್ಕೆ ಸಿಕ್ಕಿಸಿದ್ದ ಸಣ್ಣ ಪೈಪಿನಿಂದ ಬಾಟಲಿಯ ಆಯಿಲಿನೊಳಗೆ ಗುಳ್ಳೆಗಳು ಬುಳುಬುಳು ಬಂದವು. ಸ್ಕ್ರೂ ಬಿಗಿದ.

"ಈಗ ಬಿಡ್ರಿ."

ಮೇಲೆ ಆಯಿಲ್ ತುಂಬುತ್ತ, ಕೆಳಗೆ ಗಾಳಿ ಬಿಡುತ್ತ ಹೊತ್ತು ಹೋಯಿತು. ಗುಳ್ಳೆಗಳು ನಿಂತವು.

"ಸಾಕು ಅಜ್ಜಯ್ಯಾ."

"ಸಾಕು ಅಂದವನು ಯಾರು?"

"ನಾನೇ."

"ನಿನ್ನೆ ಸಾವಂತ್ರವ್ವಗೆ ರೆಡಿ ಅಂದವನಾ?"

ಮರುಳಸಿದ್ಧ ಮತ್ತೆ ಮಲಗಿದ. "ಒತ್ರಿ," ಎಂದು ಸ್ಕ್ರೂ ಸಡಿಲಿಸಿದ.

ಒಂದು ದೊಡ್ಡ ಗುಳ್ಳೆ ಮೇಲೆದ್ದು ಬಂದು ಒಡೆಯಿತು.

ಆಮೇಲೆ ಅವನು ಸಾಕು ಎನ್ನಲಿಲ್ಲ. ಬರಿಯ ಆಯಿಲ್ ಬಂದರೂ ನಾಲ್ಕೂ ಗಾಲಿಗಳನ್ನು ಮತ್ತೆ ನೋಡಿದ. ಅಜ್ಜಯ್ಯನ ಕಾಲು ಪೆಡಲಿನ ಮೇಲೆ ಒತ್ತಿದಂತೆಯೇ ಇತ್ತು. ಪೆಡಲು ಇಳಿಯಲಿಲ್ಲ. ಪೈಪಿನ ಜೋಡಣೆಗಳನ್ನೆಲ್ಲ ಬೆರಳಿನಿಂದ ಮುಟ್ಟಿ ನೋಡಿದ, ಒಣಗಿದ್ದವು. ಮೊದಲು ಅಂಗಳದಲ್ಲಿ, ಆಮೇಲೆ ಸಣ್ಣ ಇಳಿಜಾರಿನಲ್ಲಿ, ಒಬ್ಬನೇ ಕೂತು ಜೀಪನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ.

ಮಧ್ಯಾಹ್ನ ಅವನು ಚಂಪಾಳ ಮುಂದೆ ಹೋಗಿ ನಿಂತ.

"ಈಗ ಸರಿ ಐತಿ ತಂಗೀ. ನಂಬಿಕೆ ಇಲ್ಲದಿದ್ದರೆ ಎತ್ತಿನ ಗಾಡಿ ನಿಂತೈತಿ."

ಚಂಪಾ ಅವನ ಮುಖ ನೋಡಿದಳು. ಸಾವಂತ್ರವ್ವ ಬೇಡವೆಂದು ತೋಳು ಹಿಡಿದಳು. ಆದರೂ ಚಂಪಾ ಜೀಪು ಹತ್ತಿದಳು.

ಸಂಜೆ ಅವನು ಒಬ್ಬನೇ ಮೇಲೆ ಬಂದ. ಚಂಪಾ ಆಸ್ಪತ್ರೆಯಲ್ಲಿ ಸುಖವಾಗಿದ್ದಳು.

ಅಜ್ಜಯ್ಯ ಕಣಿವೆಯ ಕಡೆ ಮುಖ ಮಾಡಿ ಕೂತಿದ್ದರು. ಮರುಳಸಿದ್ಧ ಅವರ ಪಕ್ಕದಲ್ಲಿ ಕುಸಿದು ಕೂತ.

"ಬ್ರೇಕು ಕಲ್ಲಿನಂಗೆ ನಿಂತಿತು ಅಜ್ಜಯ್ಯಾ. ಆದರೂ ಒಂದೊಂದು ತಿರುವಿನಾಗೂ ಜೀವ ಬಾಯಿಗೆ ಬಂದಿತ್ತು. ಈ ಹೆದರಿಕೆ ಯಾವತ್ತು ಹೋಗತೈತಿ?"

ಅಜ್ಜಯ್ಯ ಅವನ ಬೆನ್ನ ಮೇಲೆ ಕೈಯಿಟ್ಟರು.

"ಅದು ಹೋದ ದಿನ, ಜೀಪಿನ ಕೀಲಿ ತಂದು ನನ್ನ ಕೈಗೆ ಕೊಟ್ಟುಬಿಡು."