ಒಂದು ಬ್ಯಾಟರಿಯ ತೂಕ

“ಗುರುಗಳೇ, ಮಠದ ಆಸ್ಪತ್ರೆಗೆ ನೆರವು ಕೊಡುವವರೆಲ್ಲ ಗೋಡೆಯ ಮೇಲೆ ತಮ್ಮ ಹೆಸರು ಬರೆಸಿ ಎನ್ನುತ್ತಿದ್ದಾರೆ. ಬರೆಸಿದರೆ ತಪ್ಪೇನು? ಕೆಲಸವಾದರೆ ಸಾಕಲ್ಲವೇ?” ಎಂದು ಶಿಷ್ಯ ಕೇಳಿದ.

“ಕೂತುಕೋ” ಎಂದು ಗುರುಗಳು ಕತೆ ಶುರುಮಾಡಿದರು.

ಕಡಲ ದಂಡೆಯ ಒಂದು ಊರಿನಲ್ಲಿ ಒಬ್ಬ ರೇಡಿಯೊ ರಿಪೇರಿಯವನಿದ್ದ. ಅವನ ತಂದೆ ಮೀನಿಗೆ ಹೋದಾಗ ದೋಣಿಯ ಇಂಜಿನ್ ಕೆಟ್ಟು, ನಡುಗಡಲಿನಲ್ಲಿ ತೇಲಿ ತೇಲಿ ಸತ್ತಿದ್ದ. ಅವನ ಕೂಗು ಯಾರಿಗೂ ಕೇಳಿಸಿರಲಿಲ್ಲ. ಈಗ ತಮ್ಮನೂ ಅದೇ ಕಡಲಿಗೆ ಹೋಗುತ್ತಿದ್ದ. ಹೋಗಬೇಡ ಎಂದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ತಮ್ಮನ ಕೂಗನ್ನಾದರೂ ದಡಕ್ಕೆ ತರಬೇಕು ಎಂದು ಅಣ್ಣ ಹಟ ಹಿಡಿದ. ಆಕಾಶದಲ್ಲಿ ಸುತ್ತುವ ಒಂದು ಪುಟ್ಟ ಉಪಗ್ರಹ ಮಾಡಬೇಕು. ದೋಣಿಯಲ್ಲಿ ಗುಂಡಿ ಒತ್ತಿದರೆ ಅದು ಕೇಳಿಸಿಕೊಂಡು ಊರಿಗೆ ತಿಳಿಸಬೇಕು. ಅವನ ಆಸೆ ಇಷ್ಟೇ.

ಊರವರು ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಕೈಜೋಡಿಸಿದರು. ಪಾತ್ರೆ ಅಂಗಡಿಯವನು ಅಲ್ಯುಮಿನಿಯಂ ತಗಡು ಕೊಟ್ಟ. ಬಡಗಿ ತನ್ನ ಅಳತೆಯ ಟೇಪು ಕತ್ತರಿಸಿಕೊಟ್ಟ. ಅದೇ ಆಂಟೆನಾ ಆಯಿತು. ಕೆಟ್ಟ ಮೊಬೈಲು, ತಾಮ್ರದ ತಂತಿ, ತೋಟದ ದೀಪದ ಸೋಲಾರ್ ತುಂಡು, ಯಾರ ಮನೆಯಲ್ಲಿ ಏನಿತ್ತೋ ಅದು ಬಂತು. ಶಾಖ ತಡೆಯುತ್ತದೆಯೇ ಎಂದು ಬೇಕರಿಯ ಒಲೆಯಲ್ಲಿಟ್ಟು ನೋಡಿದರು. ಚಳಿಗೆ ಮೀನಿನ ಐಸ್ ಪೆಟ್ಟಿಗೆಯಲ್ಲಿಟ್ಟರು. ಅದುರಾಟಕ್ಕೆ ಟೆಂಪೊದಲ್ಲಿ ಹಾಕಿ ಬಂದರಿನ ರಸ್ತೆಯಲ್ಲಿ ನಾಲ್ಕು ಸಲ ಓಡಿಸಿದರು. ಆ ರಸ್ತೆ ತಡೆದುಕೊಂಡ ವಸ್ತು ಯಾವ ರಾಕೆಟ್ಟನ್ನಾದರೂ ತಡೆದುಕೊಂಡೀತು.

ಕೊಟ್ಟವರಿಗೆಲ್ಲ ರಿಪೇರಿಯವನು ಒಂದು ಮಾತು ಕೊಟ್ಟಿದ್ದ. ನಿಮ್ಮ ಹೆಸರು ಹಿತ್ತಾಳೆ ತಗಡಿನ ಮೇಲೆ ಕೆತ್ತಿಸಿ ಉಪಗ್ರಹದೊಳಗೆ ಕೂರಿಸುತ್ತೇನೆ, ಭೂಮಿಯ ಮೇಲೆಲ್ಲ ಸುತ್ತುತ್ತದೆ ಎಂದಿದ್ದ. ಇನ್ನೂರ ಹದಿನಾಲ್ಕು ಹೆಸರಾದವು. ಯಾರದು ಮೇಲೆ, ಯಾರದು ಕೆಳಗೆ ಎಂಬ ಜಗಳಕ್ಕೇ ಒಂದು ವಾರ ಹೋಯಿತು. ಬ್ಯಾಟರಿಯ ಬಗ್ಗೆ ಅಷ್ಟು ಹೊತ್ತು ಯಾರೂ ಮಾತಾಡಿರಲಿಲ್ಲ.

ದೊಡ್ಡ ರಾಕೆಟ್ ಹಾರಿಸುವವರು ತಮ್ಮಲ್ಲಿ ಉಳಿದ ಒಂದು ಮೂಲೆಯನ್ನು ಧರ್ಮಕ್ಕೆ ಬಿಟ್ಟುಕೊಟ್ಟರು. ಷರತ್ತು ಒಂದೇ. ತೂಕ ಒಂದು ಕಿಲೋ, ಅದರ ಮೇಲೆ ಒಂದು ಗುಲಗಂಜಿಯೂ ಇರಬಾರದು. ಎಲ್ಲ ಜೋಡಿಸಿ ತೂಗಿದರೆ ಐವತ್ತು ಗ್ರಾಂ ಹೆಚ್ಚಾಯಿತು. ಒಳಗೆ ಎರಡು ಬ್ಯಾಟರಿಗಳಿದ್ದವು. ಒಂದೊಂದೂ ಐವತ್ತು ಗ್ರಾಂ. ಹೆಸರಿನ ತಗಡು ಅದಕ್ಕಿಂತ ಸ್ವಲ್ಪ ಭಾರ.

ತಮ್ಮ ಹೇಳಿದ: “ಅಣ್ಣಾ, ಈ ಹೆಸ್ರೆಲ್ಲ ಮೇಲೆ ಹೋಗಿ ಮಾಡೂದೆಂತ? ತಗಡು ತೆಗ್ದು ಹಾಕು.”

“ಊರವ್ರಿಗೆ ಮಾತು ಕೊಟ್ಟಾಗಿದೆ. ಈಗ ಹ್ಯಾಂಗೆ ತೆಗೆಯೂದು? ಒಂದು ಬ್ಯಾಟ್ರಿ ಸಾಕು ಬಿಡು” ಎಂದ ಅಣ್ಣ.

ಒಂದು ಬ್ಯಾಟರಿ ಸಾಲದು ಎಂದು ಅವನಿಗೆ ಗೊತ್ತಿತ್ತು. ಮುಖ ಮುರಿದುಕೊಳ್ಳುವ ಧೈರ್ಯ ಇರಲಿಲ್ಲ. ಪಾಪ, ಅವನನ್ನು ಬೈಯಲು ನನಗೂ ಮನಸ್ಸು ಬರುವುದಿಲ್ಲ. ಉಳಿದ ಒಂದು ಬ್ಯಾಟರಿ ಬಾಳಿಕೆ ಬರಲಿ ಎಂದು ಅವನು ಒಂದು ಉಪಾಯ ಮಾಡಿದ. ಮೊದಲು ಉಪಗ್ರಹ ದಿನವೂ ಊರಿನ ಮೇಲೆ ಹಾದುಹೋಗುವಾಗ ‘ಇದ್ದೇನೆ’ ಎಂದು ಒಮ್ಮೆ ಕೂಗಬೇಕಿತ್ತು. ಆ ಕೂಗನ್ನು ತೆಗೆದುಹಾಕಿದ. ಮೊದಲ ದಿನ ಒಂದು ಸಲ ಕೂಗಲಿ. ಆಮೇಲೆ ಯಾರಾದರೂ ಆಪತ್ತಿನಲ್ಲಿ ಗುಂಡಿ ಒತ್ತಿದರೆ ಮಾತ್ರ ಬಾಯಿ ಬಿಡಲಿ.

ಉಪಗ್ರಹ ಮೇಲೇರಿತು. ಮೊದಲ ದಿನದ ಕೂಗು ಕೇಳಿದಾಗ ಊರಿಗೆ ಊರೇ ಕುಣಿಯಿತು. ಸಿಹಿ ಹಂಚಿದರು. ತಗಡಿನಲ್ಲಿ ಹೆಸರಿದ್ದವರು ಆಕಾಶ ನೋಡಿಕೊಂಡೇ ಓಡಾಡಿದರು. ಅಲ್ಲಿಯವರೆಗೆ ಆ ಊರಿನ ದೋಣಿಗಳು ದೀಪಸ್ತಂಭ ಕಣ್ಣಿಗೆ ಕಾಣುವಷ್ಟು ದೂರ ಮಾತ್ರ ಹೋಗುತ್ತಿದ್ದವು. ಈಗ ಗುಂಡಿ ಇದೆಯಲ್ಲ ಎಂದು ಅದನ್ನು ದಾಟಿ ಹೋದವು. ತಮ್ಮನೂ ಇಬ್ಬರನ್ನು ಕರೆದುಕೊಂಡು ಹೋದ.

ಮೂರು ದಿನವಾದರೂ ಅವರು ಬರಲಿಲ್ಲ. ಗಾಳಿ ಎದ್ದಿತ್ತು. ಉಪಗ್ರಹ ಊರಿನ ಮೇಲೆ ಬರುವ ಹೊತ್ತಿಗೆಲ್ಲ ಅಣ್ಣ ಅಂಗಡಿಯಲ್ಲಿ ಕಿವಿಗೊಟ್ಟು ಕೂರುತ್ತಿದ್ದ. ತಮ್ಮನ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು.

“ಬಾವ, ಎಂತಾದ್ರೂ ಕೇಳ್ತಾ?”

“ಎಂತದೂ ಇಲ್ಲ ತಂಗಿ. ಸದ್ದಿಲ್ಲ ಅಂದ್ರೆ ಅವ್ರು ಸುಖವಾಗಿದ್ದಾರೆ ಅಂತ್ಲೇ ಲೆಕ್ಕ.”

ಅವಳು ಸಮಾಧಾನ ಮಾಡಿಕೊಂಡು ಮನೆಗೆ ಹೋಗಿ ಗಂಡನ ಪಾಲಿಗೂ ಅನ್ನಕ್ಕಿಟ್ಟಳು. ಅಣ್ಣನಿಗೂ ಸಮಾಧಾನವಾಗಿತ್ತು. ಹುಡುಕಲು ಹೊರಟಿದ್ದ ಎರಡು ದೋಣಿಗಳನ್ನು ಅವನೇ ನಿಲ್ಲಿಸಿದ. ಇಂಥ ಗಾಳಿಯಲ್ಲಿ ನೀವೇಕೆ ಸಾಯುತ್ತೀರಿ, ಕಷ್ಟವಿದ್ದರೆ ಅವರು ಗುಂಡಿ ಒತ್ತುತ್ತಿದ್ದರು ಎಂದ.

ಎಂಟನೆಯ ದಿನ ತಮ್ಮನ ಹೆಣ ಬೇರೆ ಊರಿನವರ ಬಲೆಗೆ ಬಂತು. ಸೊಂಟಕ್ಕೆ ಗುಂಡಿಯ ಪೆಟ್ಟಿಗೆ ಕಟ್ಟಿಕೊಂಡೇ ಇದ್ದ. ಗುಂಡಿ ಒತ್ತಿದ್ದು ಒತ್ತಿದ ಹಾಗೆಯೇ ಇತ್ತು. ಉಳಿದಿಬ್ಬರ ಹೆಣವೂ ಸಿಗಲಿಲ್ಲ.

ಅಣ್ಣ ಅಂಗಡಿಯಲ್ಲಿದ್ದ ಇನ್ನೊಂದು ಪೆಟ್ಟಿಗೆ ತಂದು ದಡದಲ್ಲಿ ನಿಂತು ಗುಂಡಿ ಒತ್ತಿದ. ಉಪಗ್ರಹ ತಲೆಯ ಮೇಲೆ ಹಾದುಹೋಯಿತು. ಉತ್ತರವಿಲ್ಲ. ಮಾರನೆಯ ದಿನವೂ ಒತ್ತಿದ. ಇಲ್ಲ. ಭೂಮಿಯ ನೆರಳಿನ ಚಳಿಯಲ್ಲಿ ಆ ಒಂಟಿ ಬ್ಯಾಟರಿ ಸತ್ತು ಎಷ್ಟು ದಿನವಾಗಿತ್ತೋ, ಯಾರಿಗೂ ತಿಳಿಯಲಿಲ್ಲ. ಈ ಗುಂಡಿಯನ್ನು ಮೊದಲೇ ಒಮ್ಮೆ ಒತ್ತಿ ನೋಡಬಹುದಿತ್ತು. ಬ್ಯಾಟರಿ ಉಳಿಯಲಿ ಎಂದು ಅವನು ಒತ್ತಿರಲಿಲ್ಲ. ಆಮೇಲೆ ಅವನು ಯಾರ ರೇಡಿಯೊವನ್ನೂ ರಿಪೇರಿ ಮಾಡಲಿಲ್ಲ. ಹಿತ್ತಾಳೆ ತಗಡು ಮಾತ್ರ ಒಂದು ಅಕ್ಷರವೂ ಮಾಸದೆ ಸುತ್ತುತ್ತಲೇ ಇತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಗ್ಗಿದ ದನಿಯಲ್ಲಿ, “ಆಮೇಲಾದರೂ ಆ ಊರಿಗೆ ಬುದ್ಧಿ ಬಂತೇ, ಗುರುಗಳೇ?” ಎಂದ.

“ಸತ್ತ ಮೂವರ ನೆನಪಿಗೆ ದಡದಲ್ಲಿ ಒಂದು ಕಲ್ಲು ನಿಲ್ಲಿಸಿದರು, ನಿಲ್ಲಿಸಿದವರ ಹೆಸರು ಕೆತ್ತಿ ಮುಗಿಸುವಷ್ಟರಲ್ಲಿ ಸತ್ತವರ ಹೆಸರಿಗೆ ಜಾಗ ಉಳಿಯಲಿಲ್ಲ.”