ಆಳೆತ್ತರದ ಬತ್ತಿ

ಹಾಲುಗುಂಡಿಯ ಚೌರಪ್ಪ ನೆಲದ ಮೇಲೆ ನಿಂತುಕೊಂಡೇ ಮನೆಗಳಿಗೆ ಹೆಂಚು ಹೊದಿಸುತ್ತಿದ್ದ. ಏಣಿ ಬೇಕಿರಲಿಲ್ಲ. ತೆಂಗಿನಕಾಯಿ ಬೇಕಾದರೆ ಕೈ ಎತ್ತಿ ಕಿತ್ತುಕೊಳ್ಳುತ್ತಿದ್ದ. ಮೋಡ ಕೆಳಗಿಳಿದ ದಿನ ಅವನ ತಲೆ ಒದ್ದೆ, ಅಂಗಿ ಒಣ. ಸುಳ್ಳು ಅನ್ನುವವರು ಅವನ ಪಕ್ಕ ನಿಂತು ಅಳತೆ ನೋಡಿದವರನ್ನೇ ಹೋಗಿ ಕೇಳಬಹುದು. ಎಲ್ಲರೂ ಚರ್ಚಿನ ಹಿಂದಿನ ಸಮಾಧಿ ತೋಟದಲ್ಲೇ ಸಿಗುತ್ತಾರೆ.

ಊರಿನವರು ಅವನನ್ನು ಏಣಿ ಚೌರಪ್ಪ ಅಂತ ಕರೆಯುತ್ತಿದ್ದರು. ಆ ಹೆಸರು ಕೇಳಿದರೆ ಸಾಕು, ಇನ್ನೆರಡು ಬೆರಳು ಬೆಳೆದುಬಿಡುತ್ತಿದ್ದ. ಅವನಿಗೆ ಬಗ್ಗುವುದೊಂದು ಬರುತ್ತಿರಲಿಲ್ಲ. ಕೈಜಾರಿದ ಹೆಂಚು ಎತ್ತಿಕೊಡುವುದಕ್ಕೂ ಹೆಂಡತಿ ಲೂರ್ದಮ್ಮನೇ ಬರಬೇಕು. ಪೂಜೆಯಲ್ಲಿ ಊರೆಲ್ಲ ಮಂಡಿಯೂರಿದಾಗ ಅವನೊಬ್ಬ ಹಿಂದಿನ ಕಂಬಕ್ಕೆ ಒರಗಿ ನಿಂತಿರುತ್ತಿದ್ದ. ಕೇಳಿದರೆ, "ನಿಂತರೆ ತಾನೇ ದೇವರಿಗೆ ನಾನು ಬೇಗ ಕಾಣೋದು?" ಅನ್ನುತ್ತಿದ್ದ.

ಆದರೆ ಒಂದು ಯೋಚನೆ ಅವನನ್ನು ಹುಳದ ಹಾಗೆ ಕೊರೆಯುತ್ತಿತ್ತು. ಭಾನುವಾರ ಪೂಜೆ ಮುಗಿಯುತ್ತಲೇ ಚರ್ಚಿನ ಸ್ವಾಮಿಗಳನ್ನು ಬಾಗಿಲಲ್ಲೇ ಅಡ್ಡಗಟ್ಟುತ್ತಿದ್ದ.

"ಸ್ವಾಮಿ, ದೇವರು ಯಾರನ್ನೂ ಸುಮ್ಮನೆ ಇಷ್ಟುದ್ದ ಮಾಡಲ್ಲ. ನನ್ನಿಂದ ಏನೋ ದೊಡ್ಡ ಕೆಲಸ ಆಗಬೇಕು ಅಂತಲೇ ಮಾಡಿರೋದು. ಅದೇನು ಅಂತ ಹೇಳಿ."

"ಅವನೇ ಹೇಳ್ತಾನೆ, ಚೌರಪ್ಪ."

"ಯಾವಾಗ?"

"ನಿನ್ನ ಕಿವಿ ಅಷ್ಟು ಮೇಲಿದೆಯಲ್ಲಪ್ಪ, ಅಲ್ಲಿಗೆ ಮುಟ್ಟೋಕೆ ಹೊತ್ತಾಗುತ್ತೆ."

ಹೀಗಿರುವಾಗ ಅವನ ಒಬ್ಬಳೇ ಮಗಳು ಜಪಮಾಲಳಿಗೆ ಜ್ವರ ಬಂತು. ಎಂಥ ಜ್ವರ! ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದರೆ ಚುಂಯ್ ಅಂತ ಹಬೆ ಏಳುತ್ತಿತ್ತು. ಮಗು ಕಣ್ಣು ಮೇಲೆ ಮಾಡಿದಾಗ ಚೌರಪ್ಪ ಅಂಗಳಕ್ಕೆ ಓಡಿಬಂದು, ದೂರದ ಬೆಟ್ಟದ ಕಡೆ ತಿರುಗಿ ಕೂಗಿದ. ಆ ಬೆಟ್ಟದ ಮೇಲೆ ದೇವಮಾತೆಯ ಗುಡಿ.

"ತಾಯಿ! ನನ್ನ ಕೂಸು ಎದ್ದು ಓಡಾಡಿದರೆ ನಿನ್ನ ಹಬ್ಬಕ್ಕೆ ಆಳೆತ್ತರದ ಮೇಣದ ಬತ್ತಿ ತರ್ತೀನಿ. ಎಲ್ಲರ ಆಳೆತ್ತರ ಅಲ್ಲ, ನನ್ನ ಆಳೆತ್ತರ! ಒಂದು ಉಗುರಿನಷ್ಟೂ ಕಡಿಮೆ ಇರಲ್ಲ."

ಬೆಳಗಾಗುವಷ್ಟರಲ್ಲಿ ಜ್ವರ ಬಿಟ್ಟಿತು. ಮಗು ಎದ್ದು ಕೂತು ಗಂಜಿ ಕೇಳಿತು. ಆದರೆ ಕಾಲಿಗೆ ಬಲ ಬರಲಿಲ್ಲ. ನಿಲ್ಲಿಸಿದರೆ ಒದ್ದೆ ಬಟ್ಟೆಯ ಹಾಗೆ ಕುಸಿದುಬಿಡುತ್ತಿತ್ತು. ದಿನಾ ಬೆಳಿಗ್ಗೆ ಲೂರ್ದಮ್ಮ ಅವಳನ್ನು ಎತ್ತಿ ಬಾಗಿಲಲ್ಲಿ ಕೂರಿಸಿದರೆ, ಚೌರಪ್ಪ ಆ ಪುಟ್ಟ ಕಾಲುಗಳನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದ.

"ಹರಕೆ ತೀರಿಲ್ಲವಲ್ಲ, ಅದಕ್ಕೇ ಅರ್ಧಕ್ಕೆ ನಿಲ್ಲಿಸಿದ್ದಾಳೆ ತಾಯಿ. ಬತ್ತಿ ಹಚ್ಚಿದ ದಿನ ಕೂಸು ನಡೆಯುತ್ತೆ ನೋಡು" ಅಂತ ಹೆಂಡತಿಗೆ ಹೇಳಿದ.

ಮೇ ತಿಂಗಳಲ್ಲಿ ಬೆಟ್ಟದ ಹಬ್ಬ ಬಂತು. ಚೌರಪ್ಪ ದೊಡ್ಡ ಬಿದಿರನ್ನು ಸೀಳಿ, ಗಂಟುಗಳನ್ನು ಕೆತ್ತಿ, ಮತ್ತೆ ಜೋಡಿಸಿ ಕಟ್ಟಿದ. ನಡುವೆ ದಾರ ಇಳಿಬಿಟ್ಟು ಕಾಸಿದ ಮೇಣ ಹೊಯ್ದ. ಆರಿದ ಮೇಲೆ ಬಿದಿರು ಬಿಚ್ಚಿದರೆ, ತೋಳು ದಪ್ಪದ ಬತ್ತಿ, ಸರಿಯಾಗಿ ಅವನ ನೆತ್ತಿಯ ಮಟ್ಟಕ್ಕೆ.

"ಜೋಪಾನ. ಬೆಟ್ಟದ ಮೇಲೆ ಇನ್ನಾಸಣ್ಣ ಅಳೆದು ನೋಡೇ ಒಳಗೆ ಬಿಡೋದು" ಅಂದಳು ಲೂರ್ದಮ್ಮ.

ನಿಜ. ಗುಡಿ ನೋಡಿಕೊಳ್ಳುತ್ತಿದ್ದ ಇನ್ನಾಸಣ್ಣ ಬಲು ಖಡಕ್ ಮನುಷ್ಯ. ಆಳೆತ್ತರದ ಹರಕೆ ಅಂದರೆ ಬತ್ತಿಯನ್ನು ಹರಕೆ ಹೊತ್ತವರ ಪಕ್ಕ ನಿಲ್ಲಿಸಿ ನೋಡುತ್ತಿದ್ದ. ಕಡಿಮೆ ಇದ್ದರೆ ಬಾಗಿಲಿಂದಲೇ ವಾಪಸ್ಸು.

ಚೌರಪ್ಪ ಬತ್ತಿಯನ್ನು ಬಟ್ಟೆಯಲ್ಲಿ ಸುತ್ತಲಿಲ್ಲ. ದಾರಿಯ ಜನಕ್ಕೆ ಕಾಣಬೇಕಲ್ಲ! ಹೆಗಲ ಮೇಲೆ ಇಟ್ಟುಕೊಂಡು ಬೆಳಿಗ್ಗೆಯೇ ಹೊರಟ.

ಮೊದಲನೇ ಊರು ದಾಟುತ್ತಲೇ ಒಬ್ಬ ಅಜ್ಜಿ ಬಿಂದಿಗೆ ಹೊತ್ತು ಎದುರಾದಳು. ಬಿಂದಿಗೆಯ ತಳದಿಂದ ನೀರು ತೊಟ್ಟಿಕ್ಕಿ ಅವಳ ಸೀರೆಯೆಲ್ಲ ಒದ್ದೆ.

"ಅಪ್ಪಾ, ಆ ಮೇಣದಲ್ಲಿ ಒಂದು ಚೂರು ಕೊಡು. ತೂತು ಮುಚ್ಚಿಕೊಳ್ತೀನಿ. ಕೆರೆಯಿಂದ ತುಂಬಿಕೊಂಡು ಹೊರಟರೆ ಮನೆಗೆ ಅರ್ಧ ಬಿಂದಿಗೆ ಮುಟ್ಟುತ್ತೆ."

"ಹರಕೆ ಬತ್ತಿ ಅಜ್ಜಿ, ಮುರಿಯೋ ಹಾಗಿಲ್ಲ."

"ಬಾಯಾರಿದವರಿಗೆ ಒಂದು ಚೂರು ಕೊಟ್ಟರೆ ನಿನ್ನ ದೇವರು ಮುನಿಸಿಕೊಳ್ತಾನಾ?"

ಚೌರಪ್ಪ ಬತ್ತಿಯನ್ನು ಹೆಗಲಿಂದ ಇಳಿಸಿದ. ಬುಡದಿಂದ ಒಂದು ತುಂಡು ಮುರಿದು ಕೊಟ್ಟ. 'ಪರವಾಗಿಲ್ಲ, ಅಳೆಯುವಾಗ ಕತ್ತು ಒಳಗೆಳೆದುಕೊಂಡರಾಯ್ತು' ಅಂದುಕೊಂಡು ಮುಂದೆ ನಡೆದ.

ಹುಣಸೆ ಮರದ ಕೆಳಗೆ ಚಪ್ಪಲಿ ಹೊಲಿಯುವವನೊಬ್ಬ ಕೈಕಟ್ಟಿ ಕೂತಿದ್ದ. ಅವನ ಸುತ್ತ ಬೆಟ್ಟಕ್ಕೆ ಹೊರಟ ಜನ, ಕಿತ್ತುಹೋದ ಚಪ್ಪಲಿ ಹಿಡಿದು ಗೊಣಗುತ್ತ ನಿಂತಿದ್ದರು. ದಾರಕ್ಕೆ ತೀಡುವ ಮೇಣ ಮುಗಿದುಹೋಗಿದೆ, ತೀಡದಿದ್ದರೆ ಹೊಲಿಗೆ ನಿಲ್ಲಲ್ಲ ಅಂದ ಅವನು. ಕಾದ ನೆಲದ ಮೇಲೆ ಮಕ್ಕಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಣಿಯುತ್ತಿದ್ದವು. ಚೌರಪ್ಪ ಬೈದುಕೊಂಡೇ ಒಂದು ಗೇಣು ಮುರಿದುಕೊಟ್ಟ. 'ಸ್ವಲ್ಪ ಮಂಡಿ ಬಗ್ಗಿಸಿದರಾಯ್ತು. ಪಂಚೆ ಉದ್ದ ಇದೆ, ಇನ್ನಾಸಣ್ಣನಿಗೆ ಕಾಣಲ್ಲ.' ಇನ್ನು ದೇವಲೋಕದಿಂದ ಯಾರೇ ಇಳಿದುಬಂದು ಕೇಳಿದರೂ ಕೊಡಲ್ಲ ಅಂತ ಆಣೆ ಮಾಡಿಕೊಂಡ.

ಬೆಟ್ಟದ ಬುಡಕ್ಕೆ ಬಂದಾಗ ಹೊತ್ತು ಇಳಿಮುಖವಾಗಿತ್ತು. ಕಲ್ಲು ಮೆಟ್ಟಿಲ ಪಕ್ಕ ಹೆಂಗಸರ ಗುಂಪೊಂದು ಕೂತಿತ್ತು. ಇಟ್ಟಿಗೆ ಗೂಡಿನಲ್ಲಿ ಕೆಸರು ತುಳಿಯುವವರು. ದೇವಮಾತೆಯನ್ನು ನೋಡಬೇಕು ಅಂತ ವರ್ಷಕ್ಕೊಂದು ದಿನ ರಜ ಕೇಳಿ ಬಂದವರು. ಹಿಮ್ಮಡಿಗಳು ಬೇಸಿಗೆಯ ಕೆರೆಯ ಹಾಗೆ ಬಿರಿದಿದ್ದವು. ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ರಕ್ತ ಬಂದು ಕೂತುಬಿಟ್ಟಿದ್ದರು.

ಚೌರಪ್ಪ ಅವರನ್ನು ದಾಟಿ ಮೆಟ್ಟಿಲಿಗೆ ಕಾಲಿಟ್ಟ.

"ಏನಪ್ಪಾ ಉದ್ದದವನೇ" ಅಂತ ಅವರಲ್ಲಿ ಹಿರಿಯಳು ಕೆಂಪಜ್ಜಿ ಕೂಗಿದಳು, "ಅಷ್ಟು ಮೇಲಿಂದ ನಮ್ಮ ಕಾಲು ಕಾಣ್ತದಾ?"

ಹೆಂಗಸರು ನಕ್ಕರು. ಚೌರಪ್ಪ ಕೆಳಗೆ ನೋಡಿದ. ಅವನು ಕಾಲಿಟ್ಟ ಕಲ್ಲಿನ ಮೇಲೆ ಕೆಂಪು ಹಿಮ್ಮಡಿಯ ಗುರುತಿತ್ತು.

ಕೆಂಪಜ್ಜಿ ನಗು ನಿಲ್ಲಿಸಿದಳು. "ಎಣ್ಣೇಲಿ ಮೇಣ ಕಾಸಿ ಬಿರುಕಿಗೆ ತುಂಬಿದರೆ ಹತ್ತಬಹುದಪ್ಪ. ಎಣ್ಣೆ ನಮ್ಮ ಹತ್ರ ಇದೆ. ಮೇಣ ನಿನ್ನ ಹೆಗಲ ಮೇಲಿದೆ."

"ನನ್ನ ಮಗಳಿಗೆ ನಡೆಯೋಕೆ ಬರಲ್ಲಜ್ಜಿ. ಈ ಬತ್ತಿ ಅವಳ ಕಾಲಿಗೆ."

"ಹಂಗಾದ್ರೆ ಬೇಡ, ಬೇಡ. ನೀನು ಹೋಗು ಮಗ" ಅಂದಳು ಕೆಂಪಜ್ಜಿ. "ಕೂಸು ದೊಡ್ಡದು. ನಾವು ಇಲ್ಲಿಂದಲೇ ಕೈಮುಗೀತೀವಿ."

ಬೈದಿದ್ದರೆ ಹೋಗಿಬಿಡುತ್ತಿದ್ದ. ಹೋಗು ಅಂದಳಲ್ಲ, ಅದಕ್ಕೆ ಕಾಲು ಏಳಲಿಲ್ಲ. ನಡೆಯಲಾಗದ ಕಾಲು ಅಂದರೆ ಏನು ಅಂತ ಆ ಬೆಟ್ಟದಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೇಲೆ ಗಂಟೆ ಹೊಡೆಯಿತು. ಕೊಟ್ಟರೆ ಮಗಳ ಕಾಲು ಹೋಯಿತು. ಕೊಡದಿದ್ದರೆ ಇವರು ಇಲ್ಲೇ ಉಳಿದರು.

"ತಾಯಿ, ನನ್ನ ಮೇಲೆ ಕೋಪ ಮಾಡಿಕೋ, ಕೂಸಿನ ಮೇಲೆ ಮಾಡಿಕೋಬೇಡ" ಅಂದವನೇ ಬತ್ತಿಯನ್ನು ಮಂಡಿಗೆ ಕೊಟ್ಟು ಲಟಕ್ ಅಂತ ಮುರಿದ.

ಮೂರು ಕಲ್ಲಿಟ್ಟು ಬೆಂಕಿ ಮಾಡಿದರು. ಒಬ್ಬಳ ಬುತ್ತಿ ಡಬ್ಬಿಯಲ್ಲಿ ಎಣ್ಣೆ, ಮೇಣ ಕಾಸಿದರು. ಉಗುರು ಬೆಚ್ಚಗಾದ ಮೇಲೆ ಚೌರಪ್ಪ ಕೆಂಪಜ್ಜಿಯ ಮುಂದೆ ಕೂತು, ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಿರುಕು ತುಂಬಿದ. ಅಷ್ಟುದ್ದದ ಬೆನ್ನು ಬಗ್ಗುವಾಗ ಹಳೇ ಬಾಗಿಲಿನ ಹಾಗೆ ಕಿರ್ ಅಂದದ್ದು ಆಚೆ ಊರಿಗೂ ಕೇಳಿಸಿತಂತೆ. ತನ್ನ ಪಂಚೆಯ ಅಂಚು ಹರಿದು ಪಟ್ಟಿ ಕಟ್ಟಿದ. ಒಬ್ಬಳದು ಆಗುತ್ತಲೇ ಇನ್ನೊಬ್ಬಳು ಕಾಲು ಚಾಚಿದಳು.

"ನಿಧಾನವಾಗಿ ಕಣಪ್ಪ, ಹೆಂಚಲ್ಲ ಅದು!" ಅಂದಳು ಒಬ್ಬಳು.

"ಹೆಂಚಾಗಿದ್ದರೆ ಇಷ್ಟು ಒಡೆದದ್ದನ್ನ ಎಸೆದುಬಿಡ್ತಿದ್ದೆ ಕಣಕ್ಕ" ಅಂದ ಚೌರಪ್ಪ. ಅಳುಬುರುಕ ಮುಖದಲ್ಲೇ ಅವನಿಗೂ ನಗು ಬಂತು.

ಎಲ್ಲರ ಕಾಲೂ ಮುಗಿಯುವಷ್ಟರಲ್ಲಿ ಬತ್ತಿ ಉಳಿದದ್ದು ಒಂದು ಗೇಣು.

ಹೆಂಗಸರು ಮುಂದೆ ಮುಂದೆ ಹತ್ತಿದರು. ಚೌರಪ್ಪ ಹಿಂದೆ ಹಿಂದೆ, ಕಳ್ಳನ ಹಾಗೆ. ಗುಡಿಯ ಬಾಗಿಲಲ್ಲಿ ಇನ್ನಾಸಣ್ಣ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ.

"ಆಳೆತ್ತರದ ಹರಕೆ" ಅಂದ ಚೌರಪ್ಪ.

"ಬತ್ತಿ ಎಲ್ಲಿ?"

ತೋರಿಸಿದ. ನೆರೆದವರು ಗೊಳ್ಳೆಂದರು. "ಅದು ನಿನ್ನ ಆಳೆತ್ತರವೋ, ನಿನ್ನ ಮೂಗಿನುದ್ದವೋ?" ಅಂದ ಒಬ್ಬ. ಚೌರಪ್ಪ ಬೆನ್ನು ಬಗ್ಗಿಸಿದ. ಸಾಲಲಿಲ್ಲ. ಮಂಡಿಯೂರಿದ, ಹುಟ್ಟಿದ ಮೇಲೆ ಮೊದಲನೇ ಸಲ. ಆಗಲೂ ಬತ್ತಿ ಅವನ ಸೊಂಟ ಮುಟ್ಟಲಿಲ್ಲ. ಇನ್ನಾಸಣ್ಣ ತಲೆ ಆಡಿಸಿ, "ಆಗಲ್ಲಪ್ಪ, ಎದ್ದು ಹೋಗು" ಅಂದ.

ಆಗ ಚೌರಪ್ಪನಿಗೆ ಮಗಳ ಕಾಲು ಕಣ್ಮುಂದೆ ಬಂತು. ಎದೆ ಒಡೆದು, ಬತ್ತಿಯನ್ನು ಹೊಸ್ತಿಲ ಬಳಿ ನಿಲ್ಲಿಸಿ, ಅದರ ಪಕ್ಕವೇ ಉದ್ದಕ್ಕೂ ಅಡ್ಡಬಿದ್ದು ಗೋಳೋ ಅಂತ ಅತ್ತ.

ಗಲಾಟೆ ಕೇಳಿ ಒಳಗಿನಿಂದ ಸ್ವಾಮಿಗಳು ಬಂದರು. ಹಬ್ಬದ ಪೂಜೆಗೆ ಬಂದಿದ್ದ ಹಾಲುಗುಂಡಿಯ ಅದೇ ಸ್ವಾಮಿಗಳು. ಕೆಂಪಜ್ಜಿ ತನ್ನ ಪಟ್ಟಿ ಬಿಚ್ಚಿ ಹಿಮ್ಮಡಿ ತೋರಿಸಿದಳು.

"ಅವನ ಬತ್ತಿ ಇಲ್ಲಿದೆ ಸ್ವಾಮಿ, ನಮ್ಮೆಲ್ಲರ ಕಾಲಲ್ಲಿ. ನಾವು ಹತ್ತಿದ್ದೇ ಅದರ ಮೇಲೆ."

ಸ್ವಾಮಿಗಳು ಹಿಮ್ಮಡಿ ನೋಡಿದರು. ನೆಲದ ಮೇಲೆ ಬಿದ್ದಿದ್ದ ಏಣಿ ಚೌರಪ್ಪನನ್ನು ನೋಡಿದರು. ಆಮೇಲೆ ಹೇಳಿದರು:

"ಇನ್ನಾಸಣ್ಣ, ಈಗ ಅಳೆ."

ಇನ್ನಾಸಣ್ಣ ಖಡಕ್ ಮನುಷ್ಯ, ಆದರೆ ನ್ಯಾಯಸ್ಥ. ಕೂತು, ಒಂದು ಕಣ್ಣು ಮುಚ್ಚಿ ನೋಡಿದ. ನೆಲದ ಮೇಲೆ ಮಲಗಿದ ಮನುಷ್ಯ ಎಷ್ಟೆತ್ತರ ಇದ್ದಾನು? ಎರಡು ಸಲ ನೋಡಿ, ಗಂಟಲು ಸರಿಮಾಡಿಕೊಂಡು ಹೇಳಿದ:

"ಆಳಿಗಿಂತ ಬತ್ತಿಯೇ ಒಂದು ಬೆರಳು ಎತ್ತರ ಇದೆ ಸ್ವಾಮಿ. ಹರಕೆ ಸರಿ."

ಚೌರಪ್ಪ ಮುಖ ಎತ್ತಿದ. "ನನ್ನ ಕೂಸಿನ ಕಾಲು, ಸ್ವಾಮಿ?"

"ಅಯ್ಯೋ ಹುಚ್ಚಪ್ಪ, ಬತ್ತಿ ಗಿಡ್ಡ ಆಯ್ತು ಅಂತ ಮಗುವಿನ ಕಾಲು ಹಿಡಿದಿಟ್ಟುಕೊಳ್ಳೋ ದೇವರಾ ನಮ್ಮ ದೇವರು? ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು, ಬೋಗುಣಿ ಹಿಡಿದು, ಬೆಸ್ತ ಶಿಷ್ಯರ ಕಾಲು ತೊಳೆದವನಪ್ಪ ನಮ್ಮ ಪ್ರಭು. ಈಗ ನೀನು ಕೆಳಗೆ ಮಾಡಿ ಬಂದದ್ದೂ ಅದೇ ಕೆಲಸ."

"ಅಷ್ಟು ಸಣ್ಣ ಕೆಲಸಕ್ಕೆ ನನಗೆ ಇಷ್ಟು ಉದ್ದ ಯಾಕೆ ಕೊಟ್ಟ ಸ್ವಾಮಿ?"

"ಗಿಡ್ಡನಿಗೆ ಬಗ್ಗೋಕೆ ಎಷ್ಟಿರುತ್ತಪ್ಪ? ನಿನಗೆ ಬಗ್ಗೋಕೆ ಬೇಕಾದಷ್ಟು ಕೊಟ್ಟಿದ್ದಾನೆ. ಏಳು, ಬತ್ತಿ ಹಚ್ಚು."

ಚೌರಪ್ಪ ಎದ್ದ. ಎದೆಯ ಮೇಲಿನ ಬಂಡೆ ಯಾರೋ ಇಳಿಸಿದ ಹಾಗಿತ್ತು. ಕೆಂಪಜ್ಜಿ ಅವನ ಕೈ ಹಿಡಿದಳು, ಇಬ್ಬರೂ ಸೇರಿ ಆ ಗೇಣುದ್ದದ ಬತ್ತಿ ಹಚ್ಚಿದರು. ಅದರ ಬೆಳಕು ಬೆಟ್ಟದ ಸುತ್ತಿನ ಊರುಗಳಿಗೆಲ್ಲ ಕಂಡಿತು.

ಮರುದಿನ ಅವನು ಊರಿಗೆ ಬಂದಾಗ ಬಾಗಿಲಲ್ಲಿ ಜಪಮಾಲ ಇರಲಿಲ್ಲ. ಚೌರಪ್ಪನ ಜೀವ ಬಾಯಿಗೆ ಬಂತು. "ಲೂರ್ದೂ!" ಅಂತ ಕಿರುಚಿದ. ಕೊಟ್ಟಿಗೆಯ ಗೋಡೆ ಹಿಡಿದುಕೊಂಡು, ಕೋಳಿಮರಿ ಅಟ್ಟಿಸಿಕೊಂಡು, ತಪ್ಪು ಹೆಜ್ಜೆ ಹಾಕುತ್ತ ಮಗು ಬರುತ್ತಿತ್ತು. ಹಿಂದೆ ಕೈಚಾಚಿಕೊಂಡು ಲೂರ್ದಮ್ಮ.

"ನಿನ್ನೆ ಸಂಜೆಯಿಂದ ಕೂರು ಅಂದರೂ ಕೂರ್ತಾ ಇಲ್ಲ ಇವಳು! ಬತ್ತಿ ಅಳತೆ ಸರಿ ಬಂತಾ?"

"ಒಂದು ಬೆರಳು ಜಾಸ್ತಿಯೇ ಬಂತು" ಅಂದ ಚೌರಪ್ಪ. ಮಗು ಹತ್ತಿರ ಬಂದಾಗ, ಅದರ ಕೈ ತನ್ನ ಕೊರಳಿಗೆ ಎಟುಕಲಿ ಅಂತ ಅಂಗಳದ ಮಣ್ಣಿನಲ್ಲೇ ಕೂತುಬಿಟ್ಟ.

ಜ್ಞಾನೋಪದೇಶದ ಪಾಠ ಮುಗಿಸಿ ಚರ್ಚಿನ ಮೆಟ್ಟಿಲ ಮೇಲೆ ತಾತನ ಬಾಯಲ್ಲಿ ಈ ಕತೆ ಕೇಳುತ್ತಿದ್ದ ಮಕ್ಕಳೆಲ್ಲ ಉಸ್ಸಪ್ಪಾ ಅಂತ ಉಸಿರು ಬಿಟ್ಟರು. ಸಗಾಯಮೇರಿ ಅನ್ನುವ ಹುಡುಗಿ ಮಾತ್ರ ಕಣ್ಣು ಕಿರಿದು ಮಾಡಿದಳು.

"ತಾತ, ಮೇ ತಿಂಗಳ ಬಿಸಿಲಲ್ಲಿ ಹೊತ್ತುಕೊಂಡು ಹೋದರೆ ಆ ಬತ್ತಿ ಕರಗಲಿಲ್ವಾ? ನಮ್ಮನೇಲಿ ಕಿಟಕಿ ಹತ್ರ ಇಟ್ಟರೇನೇ ಬಾಗಿಹೋಗುತ್ತೆ."

ಕತೆ ಹೇಳುತ್ತಿದ್ದ ತಾತ ಭುಜ ಕುಣಿಸಿ, "ಆಗಿನ ಕಾಲದ ಮೇಣ ಗಟ್ಟಿ ಇತ್ತು ಕಣವ್ವಾ" ಅಂದ.

ನೀತಿ: ದೇವರು ನನ್ನನ್ನು ಯಾವ ದೊಡ್ಡ ಕೆಲಸಕ್ಕೆ ಹುಟ್ಟಿಸಿದ ಅಂತ ಆಕಾಶ ನೋಡುತ್ತ ನಿಲ್ಲಬೇಡಿ. ಪಕ್ಕದಲ್ಲಿ ನೊಂದವರ ಕಾಲ ಬಳಿ ಬಗ್ಗಿ, ಕೈಲಾದ ಸಣ್ಣ ಸೇವೆ ಮಾಡಿ. ಕ್ರಿಸ್ತನು ನಮ್ಮನ್ನು ಕರೆದಿರುವ ಕೆಲಸ ಅದೇ. ಅಲ್ಲಿ ಖರ್ಚಾದ ಮೇಣ ದೇವರ ಮುಂದೆ ಉರಿದ ಲೆಕ್ಕವೇ.